ಸರಪಳಿಯ ಸದ್ದು

ಕ್ಯಾಪ್ಟನ್ ಬರುವ ದಿನ ಆಲ್ಟನ್ ಕ್ರೌಲಿ ಎರಡು ಸಲ ಗಡ್ಡ ಹೆರೆದುಕೊಂಡ. ಎರಡನೆಯ ಸಲ ಗಲ್ಲದ ಕೆಳಗೆ ಕೊಯ್ದುಕೊಂಡು, ಅದಕ್ಕೊಂದು ಕಾಗದದ ಚೂರು ಅಂಟಿಸಿಕೊಂಡು ಅಡುಗೆಮನೆಗೆ ಬಂದಾಗ, ಆಲೂಗಡ್ಡೆ ಹೆಚ್ಚುತ್ತಿದ್ದ ಹೆಂಡತಿ ವೆಲ್ಮಾ ತಲೆಯೆತ್ತಿ ನೋಡಿ, ಮದುವೆಗೆ ಹೊರಟವನ ಹಾಗಿದ್ದೀಯ ಎಂದಳು. ಅವನು ನಗಲಿಲ್ಲ. ಕ್ಯಾಪ್ಟನ್ನರನ್ನು ಕಿಟಕಿಯ ಪಕ್ಕ ಕೂರಿಸುವುದೋ ಒಲೆಯ ಪಕ್ಕವೋ ಎಂಬುದು ಬೆಳಗಿನಿಂದ ಅವನ ತಲೆ ತಿನ್ನುತ್ತಿತ್ತು. ಕಿಟಕಿಯ ಪಕ್ಕ ಕೂತರೆ ಕೊಲ್ಲಿ ಕಾಣುತ್ತದೆ. ಹೆರಿಂಗ್ ಮೀನು ಒಳಗೆ ಬಂದಿದೆಯೆಂದು ನಿನ್ನೆ ಕೊಲ್ಲಿಯ ಬಾಯಿಗೆ ಅಡ್ಡ ಕಟ್ಟಿದ ಬಲೆಯ ಬೂಚುಗಳ ಸಾಲು ಕಾಣುತ್ತದೆ. ಅದನ್ನು ಕಂಡು ಅವರು ಏನಾದರೂ ಅಂದಾರು. ಒಲೆಯ ಪಕ್ಕ ಕೂತರೆ ಗೋಡೆಯ ಕಾಗದ ಕಿತ್ತುಬಂದಿರುವುದು ಕಣ್ಣಿಗೆ ಬೀಳುತ್ತದೆ. ಯುದ್ಧ ಮುಗಿದು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ, ಯುದ್ಧದಲ್ಲಿ ಅವನಿದ್ದ ಹಡಗಿನವರು ಯಾರೂ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ, ಅವನೂ ಯಾರನ್ನೂ ಕರೆದಿರಲಿಲ್ಲ.

ಫೋನ್ ಬಂದದ್ದು ಅಂಗಡಿಗೆ. ಆದ್ದರಿಂದ ಅವನಿಗೆ ಗೊತ್ತಾಗುವ ಮೊದಲೇ ಊರಿಗೆಲ್ಲ ಗೊತ್ತಾಗಿತ್ತು. ಮೀನು ಡಬ್ಬಿ ಮಾಡುವ ಕಾರ್ಖಾನೆಯ ಅಟ್ಟದ ಮೇಲೆ ಅವನು ಬಲೆ ಹೊಲಿಯುತ್ತಾ ಕೂತಿದ್ದಾಗ ಕೆಳಗಿನಿಂದ ಯಾರೋ ಕೂಗಿ ಹೇಳಿದರು: ನಿನ್ನ ಹಡಗಿನ ಕ್ಯಾಪ್ಟನ್ ಬರ್ತಾನಂತೆ, ಇನ್ನೊಂದು ಸಬ್‌ಮರೀನ್ ಹಿಡಿಯೋಕೆ. ಮೀನು ಕತ್ತರಿಸುತ್ತಿದ್ದ ಹೆಂಗಸರೆಲ್ಲ ನಕ್ಕರು. ಆ ನಗೆ ಹಳೆಯದು. ಅವನು ಸಮುದ್ರಪಡೆಯಿಂದ ಮರಳಿದ ವಾರ ಜಿಲ್ಲೆಯ ಪೇಪರಿನಲ್ಲಿ ಅವನ ಪಟ ಬಂದಿತ್ತು, ಸಬ್‌ಮರೀನನ್ನೇ ಬಲೆಗೆ ಕೆಡವಿದ ನಮ್ಮ ಊರಿನ ಬೆಸ್ತ ಎಂದು. ಅವತ್ತಿನಿಂದ ಅವನನ್ನು ಕಂಡವರೆಲ್ಲ ಕೇಳುವುದು ಒಂದೇ: ಎರೆ ಏನು ಹಾಕಿದ್ದೆಯೋ ಆಲ್ಟನ್? ವೆಲ್ಮಾಳ ಅಣ್ಣ ಫ್ರಾನ್ಸಿನಲ್ಲಿ ಕಾಲು ಕಳಕೊಂಡು ಬಂದವನು. ಹಬ್ಬದ ಊಟಕ್ಕೆ ಸೇರಿದಾಗಲೆಲ್ಲ ಅವನೂ ಅದನ್ನೇ ಕೇಳುತ್ತಾನೆ. ಆಲ್ಟನ್ ತಟ್ಟೆ ನೋಡುತ್ತಾ ನಗುತ್ತಾನೆ. ನಗದೆ ಇದ್ದರೆ ಮುಂದಿನ ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತು.

ಮಧ್ಯಾಹ್ನಕ್ಕೆ ಸರಿಯಾಗಿ ದಿಬ್ಬದ ಮೇಲಿನ ರಸ್ತೆಯಲ್ಲಿ ಒಂದು ಹಳೆ ಕಾರು ಬಂದು ನಿಂತಿತು. ಇಳಿದ ಮನುಷ್ಯನನ್ನು ನೋಡಿ ಆಲ್ಟನ್ನನಿಗೆ ಮೊದಲು, ಕ್ಯಾಪ್ಟನ್ ತಾವು ಬರುವ ಬದಲು ತಮ್ಮ ತಂದೆಯನ್ನು ಕಳಿಸಿದರೇ ಅನ್ನಿಸಿತು. ಲೂಥರ್ ಹಾಲೆನ್‌ಬೆಕ್ ಯುದ್ಧಕ್ಕೆ ಮುಂಚೆ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುತ್ತಿದ್ದವರು, ಯುದ್ಧ ಮುಗಿದ ಮೇಲೂ ಅದನ್ನೇ ಕಲಿಸಿದವರು. ಹಡಗಿನಲ್ಲಿ ಅವರ ಅಂಗಿಯ ಕಾಲರು ಕತ್ತನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಈಗ ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ನ್ಯೂಯಾರ್ಕಿನ ಆಚೆಯಿಂದ ಮೇನ್‌ನ ಈ ಮೂಲೆಯವರೆಗೆ ಒಬ್ಬರೇ ಕಾರು ಓಡಿಸಿಕೊಂಡು ಬಂದಿದ್ದರು. ಹೆಂಡತಿ ಈ ವಸಂತದಲ್ಲಿ ತೀರಿಕೊಂಡರೆಂದು ಬಾಗಿಲಲ್ಲೇ ಹೇಳಿದರು, ಕೊಡೆ ಎಲ್ಲೋ ಮರೆತು ಬಂದೆ ಅನ್ನುವ ದನಿಯಲ್ಲಿ. ವೆಲ್ಮಾ ಅವರ ಕೋಟು ತೆಗೆದುಕೊಂಡಳು. ಅವರು ತಾವಾಗಿಯೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು, ಕೊಲ್ಲಿಯ ಕಡೆ ನೋಡಲೇ ಇಲ್ಲ.

"ಚೆನ್ನಾಗಿದ್ದೀರಾ ಕ್ರೌಲಿ?" ಎಂದರು.

ಆ ಬಹುವಚನ ಆಲ್ಟನ್ನನಿಗೆ ಕಸಿವಿಸಿ ಮಾಡಿತು. ಹಡಗಿನಲ್ಲಿ ನೀನು, ಬಾರೋ, ಇಳಿಯೋ. ಈಗ ನೀವು ಅನ್ನುತ್ತಿದ್ದಾರೆಂದರೆ ಏನೋ ಕೇಳಲು ಬಂದಿದ್ದಾರೆ. ವೆಲ್ಮಾ ಹ್ಯಾಡಕ್ ಮೀನಿನ ಗಂಜಿಯನ್ನು ಬಟ್ಟಲಿಗೆ ಬಡಿಸಿ ಮುಂದಿಟ್ಟಳು. ಕ್ಯಾಪ್ಟನ್ ಚಮಚ ಎತ್ತಿ, ಮತ್ತೆ ಬಟ್ಟಲಿನಲ್ಲೇ ಇಟ್ಟು, ಚರ್ಮದ ಚೀಲದಿಂದ ಕೆಲವು ಹಾಳೆ ತೆಗೆದರು. ಶ್ಯಾಡ್‌ಬುಷ್ ಹಡಗನ್ನು ಗುಜರಿಗೆ ಮಾರಿದ್ದಾರಂತೆ. ಮರದ ಹಡಗು, ಒಡೆಯುವ ಖರ್ಚು ಹುಟ್ಟುವುದಿಲ್ಲ. ಕೆಸರಿಗೆ ಎಳೆದು ಬೆಂಕಿ ಹಚ್ಚಿ, ಬೂದಿಯಲ್ಲಿ ಉಳಿದ ತಾಮ್ರ ಕಬ್ಬಿಣ ಆರಿಸಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ಹಡಗಿನವರೆಲ್ಲ ಒಂದು ಸಲ ಊಟಕ್ಕೆ ಸೇರುವುದೆಂದಾಗಿದೆ. ಅಲ್ಲಿ ಓದಲು ಹಡಗಿನ ಸೇವಾ ಚರಿತ್ರೆ ಬರೆಯುವ ಕೆಲಸ ಇವರ ಪಾಲಿಗೆ ಬಂದಿದೆ. ತಪ್ಪಿದ್ದರೆ ತಿದ್ದಬೇಕು ಎಂದು ಹೇಳಿ ಓದತೊಡಗಿದರು, ತರಗತಿಯ ಹಿಂದಿನ ಬೆಂಚಿಗೂ ಕೇಳಲಿ ಎಂಬಂಥ ದನಿಯಲ್ಲಿ.

ನೀರಿಗಿಳಿಸಿದ ದಿನ ಶಾಂಪೇನ್ ಬಾಟಲಿ ಒಡೆಯದೆ ಎರಡು ಸಲ ಹೊಡೆಯಬೇಕಾಗಿ ಬಂದದ್ದು. ಮೂತಿಯಲ್ಲಿ ಬಲೆ ಎತ್ತಲು ಎರಡು ಕೊಂಬು ಇದ್ದದ್ದರಿಂದ ಬೇರೆ ಹಡಗಿನವರು ಇದನ್ನು ಹೋರಿ ಎಂದು ಕರೆಯುತ್ತಿದ್ದದ್ದು. ಪನಾಮಾ ದಾಟಿ ಪೆಸಿಫಿಕ್ ಸೇರಿದ್ದು. ಹವಳದ ದ್ವೀಪಗಳ ನಡುವಿನ ಬಂದರುಗಳ ಬಾಯಿಗೆ, ಶತ್ರುವಿನ ಜಲಾಂತರ್ನೌಕೆ ನುಗ್ಗದಂತೆ, ಉಕ್ಕಿನ ಬಲೆ ಕಟ್ಟಿದ್ದು, ನಮ್ಮ ಹಡಗು ಬಂದಾಗ ತೆರೆದದ್ದು, ಮತ್ತೆ ಮುಚ್ಚಿದ್ದು. ಆಲ್ಟನ್ ತಲೆದೂಗುತ್ತಿದ್ದ. ಅದೆಲ್ಲ ನಿಜ. ಆದರೆ ಅದರಲ್ಲಿ ಬಿಸಿಲಿಗೆ ಕಾದ ಉಕ್ಕಿನ ಹಗ್ಗ ಕೈಗವಸು ಸುಡುವ ವಾಸನೆ ಇರಲಿಲ್ಲ. ತೇಲುಗುಂಡುಗಳ ಸಾಲು ಬೆಳಗ್ಗೆ ನೋಡಿದಾಗ ನಡುವೆ ಒಂದು ಕಡೆ ಮುಳುಗಿ, ಹಲ್ಲು ಬಿದ್ದ ಬಾಯಿಯ ಹಾಗಿದ್ದದ್ದು ಇರಲಿಲ್ಲ. ಏನು ಸಿಕ್ಕಿಕೊಂಡಿದೆ ನೋಡು ಅಂತ ಅವನನ್ನು ಇಳಿಸಿದರು. ಬಲೆಯ ಕೆಲಸ ಬಲ್ಲವನೆಂದು ನೇಮಕ ಮಾಡಿಕೊಂಡು ಮುಳುಗುವ ಕೆಲಸವನ್ನೂ ಅವನಿಗೇ ಕಲಿಸಿದ್ದರು. ತಾಮ್ರದ ತಲೆಗವಸು, ಸೀಸದ ಬೂಟು, ಗಾಳಿಯ ಕೊಳವೆ. ನೀರು ಅಲ್ಲಿ ಗಾಜಿನ ಹಾಗೆ, ಇಲ್ಲಿಯಂತೆ ಹಸಿರು ಕತ್ತಲೆಯಲ್ಲ. ಇಳಿಯುತ್ತಿದ್ದ ಹಾಗೇ ಕಂಡಿತು. ಉದ್ದನೆಯ ಪೀಪಾಯಿಯಂಥ ಪುಟ್ಟ ಜಲಾಂತರ್ನೌಕೆ. ಜಪಾನಿಯರದು. ಬಾಲದ ಚಕ್ರಕ್ಕೆ ಬಲೆಯ ಕಣ್ಣುಗಳು ಸುತ್ತಿಕೊಂಡು, ಮೂತಿ ಕೆಳಗಾಗಿ ತೂಗಾಡುತ್ತಿತ್ತು. ಅವನು ಆಯ ತಪ್ಪದಿರಲೆಂದು ಅದರ ಬೆನ್ನಿಗೆ ಕೈಯೂರಿದ. ಆಗ ಒಳಗಿನಿಂದ ಯಾರೋ ತಟ್ಟಿದರು.

ಅವನ ಕೈಯಲ್ಲಿ ಪಾನಾ ಇತ್ತು. ಯೋಚಿಸಲಿಲ್ಲ. ಬಾಗಿಲು ತಟ್ಟಿದರೆ ಒಳಗಿದ್ದವರು 'ಬಂದೆ' ಅನ್ನುವುದಿಲ್ಲವೇ, ಹಾಗೆ, ಪಾನಾದಿಂದ ಅವನೂ ತಟ್ಟಿದ. ಒಳಗೆ ಸದ್ದು ನಿಂತಿತು. ಆಮೇಲೆ ಒಮ್ಮೆಲೇ, ಒಬ್ಬರಲ್ಲ ಇಬ್ಬರು, ಗಡಿಬಿಡಿಯಲ್ಲಿ ಒಬ್ಬರ ಮೇಲೊಬ್ಬರು ಮಾತಾಡುವ ಹಾಗೆ ತಟ್ಟತೊಡಗಿದರು. ಅವನು ಮತ್ತೆ ತಟ್ಟಿದ. ಮೇಲೆ ಎಳೆದುಕೊಂಡು ತಲೆಗವಸು ಬಿಚ್ಚಿದಾಗ ಮೂಗಿನಿಂದ ರಕ್ತ ಬರುತ್ತಿತ್ತು. ಎದುರಿಗೆ ಕ್ಯಾಪ್ಟನ್. ಹೇಗಿದೆ, ಸತ್ತಿದೆಯಾ ಎಂದು ಕೇಳಿದರು. ಅವರ ಹಿಂದೆ, ಹಡಗಿನ ಬಾಲದಲ್ಲಿ, ನೀರಿಗೆ ಉರುಳಿಸುವ ಸಿಡಿಪೀಪಾಯಿಗಳ ಸಾಲು. ಜೀವ ಇದೆ ಅಂದರೆ ಅವನ್ನು ಉರುಳಿಸುತ್ತಾರೆ ಎಂದು ಆಲ್ಟನ್ನನ ತಲೆಗೆ ಹೊಳೆಯಿತು. ಹಾಗೆ ಹೊಳೆದದ್ದು ಆಗಲೋ ಅಥವಾ ಆಮೇಲೆ ಮನಸ್ಸು ತನ್ನ ಸಮಾಧಾನಕ್ಕೆ ಹೊಲಿದುಕೊಂಡದ್ದೋ, ಈಗ ಅವನಿಗೆ ಗೊತ್ತಿಲ್ಲ. ಅಲ್ಲಾಡ್ತಿಲ್ಲ ಸರ್, ಎಂದಿದ್ದ. ಅದು ಸುಳ್ಳಲ್ಲ. ಅವತ್ತಿನಿಂದ ಆ ಮಾತನ್ನು ಅವನು ತಿರುವಿ ತಿರುವಿ ನೋಡಿದ್ದಾನೆ, ಅದರಲ್ಲಿ ಎಲ್ಲೂ ಸುಳ್ಳಿಲ್ಲ.

"ಗಂಜಿ ಆರೋಗತ್ತೆ," ಎಂದಳು ವೆಲ್ಮಾ. ಕ್ಯಾಪ್ಟನ್ ಕ್ಷಮೆ ಕೇಳಿ ಒಂದು ಚಮಚ ಬಾಯಿಗಿಟ್ಟುಕೊಂಡರು. ಅವಳು ಗಂಡನ ಮುಖ ನೋಡಿ, ಅಲ್ಲಿ ಏನು ಕಂಡಳೋ, ಒಣಗಿದ ಬಟ್ಟೆ ತರುತ್ತೇನೆಂದು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಿಟಕಿಯಲ್ಲಿ ಅವಳು ಒಂದೊಂದೇ ಬಟ್ಟೆಯನ್ನು ತಂತಿಯಿಂದ ತೆಗೆದು ಎದೆಗೊತ್ತಿ ಮಡಚುವುದು ಕಾಣುತ್ತಿತ್ತು.

ಕ್ಯಾಪ್ಟನ್ ಮುಂದಿನ ಹಾಳೆ ತೆಗೆದರು. "ಬಂದರಿನ ಬಲೆಯಲ್ಲಿ ಶತ್ರುವಿನ ಒಂದು ಜಲಾಂತರ್ನೌಕೆಯನ್ನು ಹಿಡಿದು, ಯಾವ ಪ್ರಾಣಹಾನಿಯೂ ಇಲ್ಲದೆ..." ಎಂದು ಓದಿ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಸಾಲನ್ನೇ ಇನ್ನೊಮ್ಮೆ ಓದಿದರು. ನಮ್ಮ ಕಡೆ ಯಾವ ಪ್ರಾಣಹಾನಿಯೂ ಇಲ್ಲದೆ ಎಂದು ಬರೆಯಬೇಕಿತ್ತೇನೋ ಎಂದರು. ಬೇರೆಯವರನ್ನೆಲ್ಲ ನೋಡಿಕೊಂಡು ಬಂದೆ, ಯಾರೂ ಇದರಲ್ಲಿ ತಪ್ಪು ಹುಡುಕಲಿಲ್ಲ, ಡ್ಯುಸೆಟ್ ಅಂತೂ ಚಪ್ಪಾಳೆ ತಟ್ಟಿದ ಎಂದರು.

ಡ್ಯುಸೆಟ್ ಹಡಗಿನ ಅಡುಗೆಯವನು. ಅವನೂ ಆಲ್ಟನ್ನನೂ ಮಲಗುತ್ತಿದ್ದದ್ದು ಮುಂಭಾಗದ ಕೆಳಗಿನ ಕೋಣೆಯಲ್ಲಿ. ದಂಡೆಯ ಮೇಲಿನ ಅಧಿಕಾರಿಗಳು, ದೊಡ್ಡ ಕ್ರೇನಿನ ಹಡಗು ಬೇರೆ ಕೆಲಸದಲ್ಲಿದೆ, ಅದು ಬರುವ ತನಕ ಯಾರೂ ಮುಟ್ಟಬೇಡಿ, ಜಾರಿಹೋಗದಂತೆ ಹಿಡಿದಿರಿ ಎಂದಿದ್ದರು. ಬಲೆಯ ಉಕ್ಕಿನ ಹಗ್ಗವನ್ನು ಹಡಗಿನ ಮೂತಿಗೆ ಕಟ್ಟಿ ಹಿಡಿದರು. ಆ ಹಗ್ಗದ ಗುಂಟ ತಟ್ಟುವ ಸದ್ದು ಹಡಗಿನ ಮರದೊಳಕ್ಕೆ ಬರುತ್ತಿತ್ತು. ಪಾಳಿ ಮುಗಿಸಿ ಬಂದು ಮಲಗಿದವರ ತಲೆದಿಂಬಿನೊಳಕ್ಕೆ ಬರುತ್ತಿತ್ತು. ಟಕ್, ಟಕ್. ಡ್ಯುಸೆಟ್, ಸರಪಳಿ ಕಣ್ರೋ, ಲಂಗರಿನ ಸರಪಳಿ, ಎಂದ. ಎಲ್ಲರೂ ಹೌದು ಸರಪಳಿ ಎಂದರು. ಇಪ್ಪತ್ತರ ಆಸುಪಾಸಿನ ಆ ಹುಡುಗರೆಲ್ಲ, ಮನೆಯಲ್ಲಿ ಅಜ್ಜಿ ಕೆಮ್ಮುವುದನ್ನು ಕೋಣೆಯಾಚೆಯಿಂದ ಕೇಳಿ ಗುರುತಿಸಬಲ್ಲವರು, ಅದು ಸರಪಳಿ ಎಂದು ಮಗ್ಗುಲಾದರು. ಸರಪಳಿ ಸದ್ದು ಮಾಡಿ ಉತ್ತರಕ್ಕೆ ಕಾಯುವುದಿಲ್ಲ ಎಂದು ಆಲ್ಟನ್ ಹೇಳಬಹುದಿತ್ತು.

ಮರುದಿನ ಇನ್ನೊಂದು ಹಗ್ಗ ಬಿಗಿಯಲು ಅವನನ್ನು ಮತ್ತೆ ಇಳಿಸಿದರು. ಈ ಸಲ ಅವನು ತಿಳಿದೇ ತಟ್ಟಿದ. ಏನೆಂದು ತಟ್ಟಿದ? ಇದ್ದೇನೆ ಎಂದೇ? ಸ್ವಲ್ಪ ತಡೆಯಿರಿ, ಕ್ರೇನು ಬರುತ್ತದೆ ಎಂದೇ? ಅವರಿಗೆ ಅದು ಯಾರ ಕೈಯೆಂದು ಕೇಳಿಸಿತು? ತಮ್ಮವರೇ ಹುಡುಕಿಕೊಂಡು ಬಂದರೆಂದುಕೊಂಡರೇ? ಕ್ರೇನು ಬರುವ ಹಿಂದಿನ ದಿನ ಇಳಿದಾಗ ಒಳಗೆ ಸದ್ದಿರಲಿಲ್ಲ. ಅವನೇ ಮೊದಲು ತಟ್ಟಿದ. ಬಹಳ ಹೊತ್ತಿನ ಮೇಲೆ, ನಿದ್ದೆಯಲ್ಲಿದ್ದವರನ್ನು ಎಬ್ಬಿಸಿದಾಗ ಬರುವಂಥ, ಒಂದೇ ಒಂದು ಪೆಟ್ಟು ಬಂತು. ಅವನು ಮೇಲೆತ್ತಿರೆಂದು ಸನ್ನೆ ಮಾಡುವ ಹಗ್ಗ ಎಳೆದು ಮೇಲೆ ಬಂದುಬಿಟ್ಟ.

ಜಲಾಂತರ್ನೌಕೆಯನ್ನು ಎತ್ತಿ ಮುಚ್ಚಳ ತೆರೆದಾಗ ಅವನೂ ಕ್ರೇನಿನ ಹಡಗಿನ ಮೇಲಿದ್ದ. ಇಬ್ಬರು ಹುಡುಗರು. ಒಬ್ಬನ ತೊಡೆಯ ಮೇಲೆ ಇನ್ನೊಬ್ಬನ ತಲೆ. ನಾವಿಕರು ಒಳಗಿನ ಗಡಿಯಾರ, ಬಟ್ಟಲು, ಹಣೆಪಟ್ಟಿ ನೆನಪಿಗೆಂದು ಬಾಚಿಕೊಳ್ಳಲು ಮುಗಿಬಿದ್ದರು. ಸಿಡಿಮದ್ದು ಬಲ್ಲ ಅಧಿಕಾರಿಯೊಬ್ಬ ಒಳಗಿನ ಒಂದು ಸಣ್ಣ ಹಿಡಿಕೆ ತೋರಿಸಿ, ಇದನ್ನೆಳೆದರೆ ಎಲ್ಲ ಒಂದೇ ಕ್ಷಣದಲ್ಲಿ ಮುಗಿಯುತ್ತಿತ್ತು, ಜಪಾನಿಯರು ಸಿಕ್ಕಿಬಿದ್ದ ಕೂಡಲೇ ಎಳೆದುಕೊಳ್ಳುತ್ತಾರೆ, ಇವರ್ಯಾಕೆ ಎಳೀಲಿಲ್ಲವೋ ಎಂದು ಬೆರಗುಪಟ್ಟ. ಯಾರಿಗೋ ಕಾಯ್ತಿದ್ರು ಅನ್ಸತ್ತೆ ಎಂದು ತಾನೇ ನಕ್ಕ. ಆಲ್ಟನ್ ಹಡಗಿನ ಅಂಚಿನ ಕಂಬಿ ಹಿಡಿದು ನಿಂತು, ಕೆಳಗಿನ ಗಾಜಿನಂಥ ನೀರಿಗೆ ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡ. ಬಿಸಿಲಿಗೆ ಹೀಗಾಗಿದೆ ಎಂದರು ಉಳಿದವರು.

"ಕ್ರೌಲಿ," ಎಂದರು ಕ್ಯಾಪ್ಟನ್. ಹಾಳೆಗಳನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದಿದ್ದರು. ಹೆಂಡತಿ ಇದ್ದಷ್ಟು ದಿನ ಈ ಮಾತನ್ನು ಬಾಯಿಗೆ ತರಲಾಗಲಿಲ್ಲ ಎಂದು ಶುರುಮಾಡಿದರು. ಅವಳು ತನ್ನನ್ನು ಒಳ್ಳೆಯ ಮನುಷ್ಯನೆಂದು ತಿಳಿದಿದ್ದಳಂತೆ. ಈಗ ಮನೆ ಖಾಲಿ, ಕೇಳುವವರಿಲ್ಲ, ಹಾಗಾಗಿ ಅದೇ ಕೇಳಿಸುತ್ತದೆ ಎಂದರು. ಆ ಸದ್ದು ಅವರ ಕೋಣೆಗೂ ಬರುತ್ತಿತ್ತು. ಡ್ಯುಸೆಟ್ ಕಾಫಿ ತಂದವನು ಸರಪಳಿ ಸರ್ ಎಂದ. ಅವರೂ ಹೌದು ಎಂದುಕೊಂಡರು. ದಂಡೆಯವರು ಕೇಳಿದಾಗ ಒಳಗೆ ಜೀವದ ಸುಳಿವಿಲ್ಲ ಎಂದು ತಿಳಿಸಿದರು.

"ಜೀವ ಇದೆ ಅಂದಿದ್ರೆ ಆ ಕ್ರೇನಿನ ಹಡಗು ಅವತ್ತು ಮಧ್ಯಾಹ್ನವೇ ಬರ್ತಿತ್ತು. ಅವರಿಗೆ ಸೆರೆಯಾಳು ಬೇಕಿತ್ತು. ಜೀವಂತ ಒಬ್ಬ ಸಿಕ್ಕಿದ್ರೂ ಎಲ್ಲ ಕೆಲಸ ಬಿಟ್ಟು ಬರ್ತಿದ್ರು. ಅದು ನನಗೆ ಆಮೇಲೆ ಗೊತ್ತಾಯ್ತು."

ಆಲ್ಟನ್ನನಿಗೆ ಮಾತು ಕೇಳಿಸಿತು, ಅರ್ಥ ಮಾತ್ರ ನಿಧಾನವಾಗಿ ಇಳಿಯಿತು, ಸೀಸದ ಬೂಟು ಹಾಕಿಕೊಂಡಂತೆ. ಅವತ್ತು ಮಧ್ಯಾಹ್ನವೇ. ಹಾಗಾದರೆ ಆ ಸಿಡಿಪೀಪಾಯಿಗಳನ್ನು ಯಾರೂ ಉರುಳಿಸುತ್ತಿರಲಿಲ್ಲ. ಹಾಗಾದರೆ ಅವನು ಬಾಯಿ ಮುಚ್ಚಿಕೊಂಡು ಯಾರನ್ನೂ ಉಳಿಸಿರಲಿಲ್ಲ. ಇಷ್ಟು ವರ್ಷ ಎದೆಯ ಒಂದು ಮೂಲೆಯಲ್ಲಿ, ಕೊನೇಪಕ್ಷ ಸಿಡಿಸಿ ಸಾಯಿಸಲಿಕ್ಕೆ ಬಿಡಲಿಲ್ಲ ಎಂದು ಇಟ್ಟುಕೊಂಡಿದ್ದ ಅಷ್ಟೇ ಅಷ್ಟು ಬೆಚ್ಚನೆಯ ಜಾಗ ಇತ್ತು. ಈ ಮನುಷ್ಯ ಗಂಜಿ ಆರಲು ಬಿಟ್ಟು ಅದನ್ನು ಎತ್ತಿಕೊಂಡ. ಮೂರು ಪದ ಸಾಕಿತ್ತು: ಒಳಗೆ ಇದ್ದಾರೆ ಸರ್. ಹುಡುಗರು ಮಧ್ಯಾಹ್ನ ಮೇಲೆ ಬರುತ್ತಿದ್ದರು. ಯಾವುದೋ ಸೆರೆಮನೆಯಲ್ಲಿ ಯುದ್ಧ ಕಳೆದು, ಈ ಹೊತ್ತಿಗೆ ಯಾವುದೋ ಊರಿನಲ್ಲಿ ಬಲೆ ಒಣಹಾಕುತ್ತಾ, ಹೆಂಡತಿಯ ಬಯ್ಗುಳ ಕೇಳುತ್ತಾ ಇರುತ್ತಿದ್ದರು.

"ಕೆಳಗೆ ಇಳಿದವನು ನೀನೊಬ್ಬನೇ," ಎಂದರು ಕ್ಯಾಪ್ಟನ್. ಬಹುವಚನ ಎಲ್ಲೋ ಬಿದ್ದುಹೋಗಿತ್ತು. "ನೀನು ಕೈಯಿಟ್ಟು ನೋಡಿದವನು. ಅದಕ್ಕೇ ಇಷ್ಟು ದೂರ ಬಂದೆ. ಹೇಳು, ಅದು ಸರಪಳಿ ತಾನೇ?"

ಹೇಳಬಹುದಿತ್ತು. ಭೂಮಿಯ ಮೇಲೆ ಇದನ್ನು ಹೇಳಿದರೆ ಅರ್ಥವಾಗುವವರು ಯಾರಾದರೂ ಇದ್ದರೆ ಅದು ಈ ಮುದುಕ. ಇಬ್ಬರೂ ಕೇಳಿಸಿಕೊಂಡಿದ್ದೆವು, ನಾನು ಮಾತಾಡಿಸಿಯೂ ಇದ್ದೆ ಎಂದರೆ, ಮೇಜಿನ ಆ ಬದಿಗೊಬ್ಬ ಈ ಬದಿಗೊಬ್ಬ ಕೂತು ಕೊನೆಗೆ ಒಟ್ಟಿಗೆ ಅಳಬಹುದಿತ್ತೇನೋ. ಅವನು ಕ್ಯಾಪ್ಟನ್ನರ ಕಾಲರಿನೊಳಗೆ ಅಲ್ಲಾಡುವ ಕತ್ತು ನೋಡಿದ. ಒಂದು ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ನೋಡಿದ. ಅದನ್ನು ಅವರೇ ಹೊಲಿದುಕೊಂಡಿದ್ದರು, ವಕ್ರವಾಗಿ. ಈ ಮನುಷ್ಯ ಇಲ್ಲಿಂದ ಮತ್ತೆ ಖಾಲಿ ಮನೆಗೆ ಹೋಗಬೇಕು.

"ಸರಪಳಿ ಸರ್," ಎಂದ.

"ಖಂಡಿತವಾಗಿ?"

"ನಾನು ಕೈಯಿಟ್ಟು ನೋಡಿದೆನಲ್ಲ. ಒಳಗೆ ಏನೂ ಇರ್ಲಿಲ್ಲ. ಆವಾಗಲೇ ಮುಗಿದಿತ್ತು."

ಇದು ಕರುಣೆಯೋ ಹೆದರಿಕೆಯೋ ಅವನಿಗೇ ತಿಳಿಯಲಿಲ್ಲ. ಬಾಯಿಂದ ಬಂದ ಮೇಲೆ ಎರಡೂ ಒಂದೇ ದನಿಯಲ್ಲಿದ್ದವು. ಕ್ಯಾಪ್ಟನ್ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿ, ಚಮಚ ಎತ್ತಿಕೊಂಡು ಆರಿದ ಗಂಜಿಯನ್ನು ತಳದವರೆಗೆ ತಿಂದರು. ವೆಲ್ಮಾ ಬುಟ್ಟಿ ಹೊತ್ತು ಒಳಗೆ ಬಂದಾಗ ಇನ್ನೊಂದು ಬಟ್ಟಲು ಕೇಳಿದರು. ಬ್ಲೂಬೆರಿ ಪೈಯನ್ನು ಹೊಗಳಿದರು. ಅವರ ತುಟಿ ನೀಲಿಯಾಯಿತು. ಡ್ಯುಸೆಟ್ ಒಮ್ಮೆ ಉಪ್ಪಿನ ಬದಲು ಬಟ್ಟೆ ಒಗೆಯುವ ಸೋಡಾ ಹಾಕಿದ ಕತೆ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಊಟದ ದಿನ ಇಬ್ಬರೂ ತಪ್ಪದೆ ಬರಬೇಕು, ಹಡಗಿಗೆ ಬೆಂಕಿ ಹಾಕುವುದನ್ನು ಒಟ್ಟಿಗೆ ನಿಂತು ನೋಡೋಣ ಎಂದರು. ವೆಲ್ಮಾ ಬರ್ತೀವಿ ಎಂದಳು. ಆಲ್ಟನ್ನನೂ ಬರ್ತೀವಿ ಎಂದ.

ಹೊರಡುವಾಗ ಕಾರು ಜೀವ ತಾಳಲಿಲ್ಲ. ಕ್ಯಾಪ್ಟನ್ ಕೀಲಿ ತಿರುಗಿಸಿದ ಹಾಗೆಲ್ಲ ನರಳಿ ಸುಮ್ಮನಾಗುತ್ತಿತ್ತು. ಅಂಗಡಿಯ ಮುಂದೆ ಕೂತಿದ್ದವರು ಕತ್ತು ಉದ್ದ ಮಾಡಿ ನೋಡಿದರು, ಎದ್ದು ಬರಲಿಲ್ಲ. ನಾನು ತಳ್ತೀನಿ, ಇಳಿಜಾರಿದೆ ಎಂದು ಆಲ್ಟನ್ ಹಿಂದೆ ಹೋಗಿ ಭುಜ ಕೊಟ್ಟ. ಕಾರು ಮೊದಲು ಮಿಸುಕಲಿಲ್ಲ. ಅವನು ಬೂಟಿನ ತುದಿ ಜಲ್ಲಿಗೆ ಊರಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ ತಳ್ಳಿದ. ಎದೆಯಲ್ಲಿ ಏನೋ ಕಿತ್ತುಬರುವಂತೆ ತಳ್ಳಿದ. ಹೋಗಲಿ, ಈ ಮನುಷ್ಯನಾದರೂ ಹೋಗಲಿ. ಚಕ್ರ ಉರುಳಿತು, ಮತ್ತೆ ಜೋರಾಗಿ ಉರುಳಿತು, ಎಂಜಿನ್ ಕೆಮ್ಮಿ ಹತ್ತಿಕೊಂಡಿತು. ಕಾರು ಒಮ್ಮೆಲೇ ಮುಂದೆ ನೆಗೆದು ಹೋಯಿತು. ಅದರ ಮೇಲೇ ಇಡೀ ಭಾರ ಬಿಟ್ಟಿದ್ದ ಆಲ್ಟನ್ ಮುಂದಕ್ಕೆ ಮುಗ್ಗರಿಸಿ ಮೊಣಕಾಲೂರಿ ರಸ್ತೆಗೆ ಬಿದ್ದ. ಕ್ಯಾಪ್ಟನ್ ಹಿಂದೆ ನೋಡಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ, ಶಾಲೆ ಬಿಟ್ಟ ಹುಡುಗನ ಹಾಗೆ ಬೀಸುತ್ತಾ ತಿರುವಿನಲ್ಲಿ ಮರೆಯಾದರು.

ವೆಲ್ಮಾ ಓಡಿ ಬಂದಳು. "ಪೆಟ್ಟಾಯ್ತಾ?"

"ಇಲ್ಲ."

"ಮತ್ತೆ ಏಳು. ಎಲ್ಲ ನೋಡ್ತಿದ್ದಾರೆ."

ಅವನು ಏಳಲಿಲ್ಲ. ಅಂಗಡಿಯ ಮುಂದಿನಿಂದ ಯಾರೋ ಏನೋ ಕೂಗಿದರು, ಉಳಿದವರು ನಕ್ಕರು. ಅವಳು ಅವನ ತೋಳು ಹಿಡಿದು ಎತ್ತಲು ನೋಡಿದಳು. ತೋಳು ಅವಳ ಕೈಗೆ ಬಂತು, ಅವನು ಬರಲಿಲ್ಲ. ಬಗ್ಗಿ ಮುಖ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಮುಖವನ್ನು ಅವಳು ನೋಡಿರಲಿಲ್ಲ. ಅಂಗಡಿಯ ಕಡೆಗೆ ಬೆನ್ನು ಮಾಡಿ, ಅವರ ಕಣ್ಣಿಗೆ ಅವನು ಬೀಳದ ಹಾಗೆ, ದಪ್ಪನೆಯ ಮೈಯನ್ನು ನಿಧಾನವಾಗಿ ಇಳಿಸಿ ಅವನ ಪಕ್ಕದಲ್ಲಿ ಜಲ್ಲಿಯ ಮೇಲೆ ಕೂತಳು.